ದಡದಲ್ಲೇ ಕೈಕೊಟ್ಟ ಸ್ಕೂಬಾ ಸಾಮಾನು

ಮಳೆಗಾಲ ಮುಗಿದು ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ದೋಣಿ ಹೊರಡುವ ಹೊತ್ತಿಗೆ ಮೈಸೂರು, ಮಂಡ್ಯದ ಮನೆಗಳಲ್ಲಿ ಅಟ್ಟದ ಮೇಲಿನ ಸ್ಕೂಬಾ (ಗಾಳಿಯ ಸಿಲಿಂಡರ್ ಹೊತ್ತು ಮುಳುಗುವ) ಕಿಟ್‌ಬ್ಯಾಗು ಕೆಳಗಿಳಿಯುತ್ತದೆ. ಅದರ ಜತೆಗೆ ತೊಂದರೆಗಳೂ ಇಳಿಯುತ್ತವೆ. ಈ ಸಲ ಬಂದ ಪತ್ರಗಳನ್ನೆಲ್ಲ ಹಿಂಡಿದರೆ ಸಿಗುವ ಪ್ರಶ್ನೆ ಒಂದೇ: ಸಾಮಾನು ಕೆಟ್ಟಿದೆ, ಏನಾದರೂ ಉಪಾಯ ಮಾಡಿ ಇವತ್ತಿನ ಡೈವ್ ಉಳಿಸಿಕೊಳ್ಳಬಹುದೇ? ನಾವು ಉತ್ತರಿಸುವಾಗ ಇಟ್ಟುಕೊಂಡ ಗೆರೆಯನ್ನು ಮೊದಲೇ ಹೇಳಿಬಿಡುತ್ತೇವೆ. ಪಟ್ಟಿ, ಬಕಲ್, ದಾರದಂಥ ಕಟ್ಟಿ ಹಿಡಿಯುವ ಸಾಮಾನು ಕೆಟ್ಟರೆ ಧಾರಾಳವಾಗಿ ಉಪಾಯ ಮಾಡಿ. ಉಸಿರು ಕೊಡುವುದು, ಉಸಿರು ಎಷ್ಟಿದೆಯೆಂದು ಅಳೆಯುವುದು, ನಿಮ್ಮನ್ನು ಮೇಲೆತ್ತುವುದು ಕೆಟ್ಟರೆ ಅದೇ ಜಾತಿಯ ಬಿಡಿಭಾಗ ಇದ್ದಾಗ ಮಾತ್ರ ಬದಲಿಸಿ. ಇಲ್ಲವಾದರೆ ಒಣಬಟ್ಟೆಯಲ್ಲೇ ದೋಣಿಯಲ್ಲಿ ಕೂತಿರಿ.

ಪ್ರಶ್ನೆ: ಸೆಕೆಂಡ್‌ಹ್ಯಾಂಡ್ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯ ಒತ್ತಡ ಇಳಿಸಿ ಬಾಯಿಗೆ ಕೊಡುವ ಸಾಮಾನು) ಕೊಂಡಿದ್ದೇನೆ. ಸಿಲಿಂಡರಿಗೆ ಕೂರಿಸಿ ವಾಲ್ವ್ ತಿರುಗಿಸಿದ ಕೂಡಲೇ ಕೂಡುವ ಜಾಗದಲ್ಲಿ ಬುಸ್ಸೆಂದು ಗಾಳಿ ಹೋಗುತ್ತದೆ. ಎಷ್ಟು ಬಿಗಿ ಮಾಡಿದರೂ ನಿಲ್ಲುವುದಿಲ್ಲ. ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪ್ ಸುತ್ತಿದರೆ ಆಗುತ್ತದೆಯೇ?
– ಕುವೆಂಪುನಗರ, ಮೈಸೂರು

ಉತ್ತರ: ಟೇಪ್ ಬೇಡ, ಇನ್ನಷ್ಟು ಬಿಗಿ ಮಾಡುವುದೂ ಬೇಡ. ನಿಮ್ಮ ರೆಗ್ಯುಲೇಟರ್ ಬಹುಶಃ ನಿರಪರಾಧಿ. ನಮ್ಮ ಕಡೆ ಬಾಡಿಗೆಗೆ ಸಿಗುವ ಸಿಲಿಂಡರುಗಳಲ್ಲಿ ಹೆಚ್ಚಿನವು ಯೋಕ್ ಮಾದರಿಯವು. ಅಂದರೆ ಮೇಲಿಂದ ಹಿಡಿಯಂತೆ ತಬ್ಬಿ ಹಿಂದಿನಿಂದ ತಿರುಪು ಬಿಗಿಯುವಂಥವು. ಇವುಗಳಲ್ಲಿ ಗಾಳಿ ತಡೆಯುವ ಓ-ರಿಂಗ್ ಎಂಬ ರಬ್ಬರ್ ಉಂಗುರ ಇರುವುದು ಸಿಲಿಂಡರಿನ ವಾಲ್ವ್ ಮುಖದಲ್ಲಿ ಕೊರೆದ ತೋಡಿನಲ್ಲಿ, ರೆಗ್ಯುಲೇಟರಿನಲ್ಲಲ್ಲ. ಒಳಗಿನ ಒತ್ತಡವೇ ಆ ಉಂಗುರವನ್ನು ತೋಡಿನ ಗೋಡೆಗೆ ಒತ್ತಿ ಸಂದು ಮುಚ್ಚುತ್ತದೆ. ತಿರುಪಿನ ಕೆಲಸ ಲೋಹಕ್ಕೆ ಲೋಹ ತಾಗುವಂತೆ ಹಿಡಿದಿಡುವುದು ಅಷ್ಟೇ. ತಾಗಿದ ಮೇಲೆ ನೀವು ಸ್ಪ್ಯಾನರ್ ಹಾಕಿ ತಿರುಗಿಸಿದರೂ ಉಂಗುರಕ್ಕೆ ಒಂದು ಕೂದಲೆಳೆಯಷ್ಟೂ ಹೆಚ್ಚು ಒತ್ತಡ ಬೀಳುವುದಿಲ್ಲ. ನಲ್ಲಿಯಲ್ಲಿ ಟೇಪ್ ಕೆಲಸ ಮಾಡುವುದು ಅಲ್ಲಿ ಮರೆಯೇ (ತಿರುಪಿನ ಸುರುಳಿ ಗೆರೆಯೇ) ನೀರು ತಡೆಯುವುದರಿಂದ. ಇಲ್ಲಿ ಸುತ್ತಿದರೆ ಅದರ ಚೂರು ಫಸ್ಟ್ ಸ್ಟೇಜಿನ, ಅಂದರೆ ರೆಗ್ಯುಲೇಟರಿನಲ್ಲಿ ಸಿಲಿಂಡರಿಗೆ ಕೂರುವ ಭಾಗದ, ಫಿಲ್ಟರಿಗೆ ಹೋಗಿ ಕೂರುತ್ತದೆ, ಅಷ್ಟೇ ಲಾಭ.

ಮಾಡಬೇಕಾದದ್ದು ಹೀಗೆ. ವಾಲ್ವ್ ಪೂರ್ತಿ ಮುಚ್ಚಿ, ಸೆಕೆಂಡ್ ಸ್ಟೇಜಿನ (ಬಾಯಿಗಿಡುವ ಭಾಗದ) ಪರ್ಜ್ ಗುಂಡಿ ಒತ್ತಿ ಒಳಗಿನ ಗಾಳಿ ಖಾಲಿ ಮಾಡಿ. ಗೇಜಿನ ಮುಳ್ಳು ಸೊನ್ನೆಗೆ ಬಂದ ಮೇಲೇ ಯೋಕ್ ಬಿಚ್ಚಿ. ಹಳೆಯ ಉಂಗುರ ಎಬ್ಬಿಸಲು ಹಲ್ಲುಕಡ್ಡಿ ಅಥವಾ ಓರೆಯಾಗಿ ಕತ್ತರಿಸಿದ ಕೇಬಲ್ ಟೈ ತುದಿ ಸಾಕು. ಸೇಫ್ಟಿಪಿನ್, ಸ್ಕ್ರೂಡ್ರೈವರ್ ಹಾಕಬೇಡಿ. ತೋಡಿನಲ್ಲಿ ಒಂದು ಗೀರು ಬಿದ್ದರೆ ಆಮೇಲೆ ಎಂಥ ಹೊಸ ಉಂಗುರ ಹಾಕಿದರೂ ಸೋರುತ್ತದೆ. ತೆಗೆದ ಉಂಗುರವನ್ನು ಬೆರಳ ತುದಿಯಲ್ಲಿ ಹಿಗ್ಗಿಸಿ, ಬೆಳಕಿಗೆ ಹಿಡಿದು ಸುತ್ತಿಸಿ ನೋಡಿ. ದುಂಡಗಿರಬೇಕಾದ್ದು ಒಂದು ಕಡೆ ಚಪ್ಪಟೆಯಾಗಿರುತ್ತದೆ, ಇಲ್ಲವೇ ಅಂಚಿನಲ್ಲಿ ಇಲಿ ಕಡಿದಂತೆ ಒಂದು ಚೂರು ಹಾರಿರುತ್ತದೆ. ಎಷ್ಟೋ ಸಲ ಉಂಗುರ ಚೆನ್ನಾಗಿಯೇ ಇದ್ದು ಅದರ ಕೆಳಗೊಂದು ಮರಳ ಕಾಳು ಕೂತಿರುತ್ತದೆ. ಬಟ್ಟೆಯಿಂದ ಒರೆಸಿ ಹಾಕಿದರೆ ಮುಗಿಯಿತು.

ಬದಲಿಸುವುದಾದರೆ ಅಳತೆ 014. ಒಳವ್ಯಾಸ 12.4 ಮಿಲಿಮೀಟರ್, ದಪ್ಪ 1.78 ಮಿಲಿಮೀಟರ್. ಮರೆ ತಿರುಗಿಸಿ ಕೂರಿಸುವ ಡಿನ್ ಮಾದರಿಯಾದರೆ ಉಂಗುರ ರೆಗ್ಯುಲೇಟರಿನ ಮೂತಿಯಲ್ಲಿರುತ್ತದೆ, ಅಳತೆ 112. ಒಳವ್ಯಾಸ ಹೆಚ್ಚುಕಡಿಮೆ ಅಷ್ಟೇ, ದಪ್ಪ ಮಾತ್ರ 2.62. ಕಣ್ಣಂದಾಜಿಗೆ ಒಂದೇ ಥರ ಕಾಣುವುದರಿಂದ ಡಬ್ಬಿಯಲ್ಲಿ ಎರಡನ್ನೂ ಬೇರೆ ಬೇರೆ ಪೊಟ್ಟಣದಲ್ಲಿಡಿ. ಸಂತೇಪೇಟೆ ಕಡೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಇದೇ ಅಳತೆಯ ಉಂಗುರ ಸಿಗಬಹುದು, ಆದರೆ ಗಡಸುತನ ಕೇಳಿ ತನ್ನಿ. ಪಂಪು, ನಲ್ಲಿಗೆ ಮಾರುವುದು ಸಾಮಾನ್ಯವಾಗಿ 70 ಶೋರ್. ಸಿಲಿಂಡರಿಗೆ ಬೇಕಾದ್ದು 90. ಮೆತ್ತಗಿನದು 200 ಬಾರ್ ಒತ್ತಡಕ್ಕೆ ಸಂದಿನಿಂದ ಹೊರಕ್ಕೆ ಹಿಂಡಿಕೊಂಡು ಬಂದು ಒಮ್ಮೆಲೇ ಸಿಡಿಯುತ್ತದೆ. ದೋಣಿಯಲ್ಲಿದ್ದೀರಿ, ಡಬ್ಬಿ ಮನೆಯಲ್ಲಿ ಮರೆತಿದ್ದೀರಿ ಅಂದರೆ ಒಳ್ಳೆಯ ಉಪಾಯವೊಂದಿದೆ: ಹಿಂದಿನ ಡೈವಿನಲ್ಲಿ ಖಾಲಿಯಾದ ಸಿಲಿಂಡರ್ ಪಕ್ಕದಲ್ಲೇ ಇರುತ್ತದೆ, ಅದರ ಉಂಗುರ ಕಿತ್ತು ಇದಕ್ಕೆ ಹಾಕಿ. ಅದೇ ಜಾತಿ, ಅದೇ ಗಡಸು, ಸ್ವಲ್ಪ ಹೊತ್ತಿಗೆ ಮುಂಚೆ ಕೆಲಸ ಮಾಡಿದ್ದು.

ಕೂರಿಸಿದ ಮೇಲೆ ತಿರುಪನ್ನು ಬೆರಳಲ್ಲೇ ಬಿಗಿಯಿರಿ. ಗೇಜಿನ ಗಾಜು ಯಾರ ಮುಖಕ್ಕೂ ಎದುರಿಲ್ಲದಂತೆ ತಿರುಗಿಸಿ ಹಿಡಿದು ವಾಲ್ವ್ ನಿಧಾನಕ್ಕೆ ತೆರೆಯಿರಿ. ಸದ್ದಿಲ್ಲ ಅಂದರೂ ಸೋಪುನೀರು ಹಚ್ಚಿ ನೋಡಿ, ನೀರಿಗಿಳಿದ ಮೇಲೆ 2 ಮೀಟರಿನಲ್ಲಿ ನಿಂತು ಜತೆಗಾರರಿಂದ ಇನ್ನೊಮ್ಮೆ ನೋಡಿಸಿ. ಹೊಸ ಉಂಗುರಕ್ಕೂ ಸೋರಿದರೆ ಫಸ್ಟ್ ಸ್ಟೇಜಿನ ಮುಖದಲ್ಲಿ, ಉಂಗುರ ಕೂರುವ ವೃತ್ತದ ಮೇಲೆ ಬೆರಳುಗುರು ಆಡಿಸಿ. ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಪೆಟ್ಟು ಬಿದ್ದಿದೆ. ಅದಕ್ಕೆ ದೋಣಿಯಲ್ಲಿ ಮದ್ದಿಲ್ಲ.

ಪ್ರಶ್ನೆ: ಫಿನ್ (ಕಾಲಿನ ಈಜುರೆಕ್ಕೆ) ಪಟ್ಟಿ ಕಿತ್ತುಹೋಗಿದೆ. ಮಾಸ್ಕಿನ ಪಟ್ಟಿಯೂ ಬಿರುಕು ಬಿಟ್ಟಿದೆ. ಮೌತ್‌ಪೀಸ್ ಕಟ್ಟಿದ್ದ ಪ್ಲಾಸ್ಟಿಕ್ ಟ್ಯಾಗ್ ಬಿಚ್ಚಿಹೋಗಿದೆ. ಹೊಸದಕ್ಕೆ ಬೆಂಗಳೂರಿಗೆ ಹೋಗಬೇಕು. ಅಲ್ಲಿಯವರೆಗೆ?
– ವಿದ್ಯಾನಗರ, ಮಂಡ್ಯ

ಉತ್ತರ: ಮೂರಕ್ಕೂ ಪಂಕ್ಚರ್ ಅಂಗಡಿ ಸಾಕು. ಹಳೆಯ ಸ್ಕೂಟರ್ ಟ್ಯೂಬಿನಿಂದ ಉದ್ದುದ್ದಕ್ಕೆ 2.5 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದದ ಪಟ್ಟಿ ಕತ್ತರಿಸಿ. ಅಂಚು ಸಲೀಸಾಗಿರಲಿ, ಕತ್ತರಿಯ ಕಚ್ಚು ಉಳಿದರೆ ಅಲ್ಲಿಂದಲೇ ಹರಿಯಲು ಶುರುವಾಗುತ್ತದೆ. ಫಿನ್ನಿನ ಎರಡೂ ಬಕಲ್ಲಿನೊಳಗೆ ತೂರಿಸಿ ತುದಿಯನ್ನು 4 ಸೆಂಟಿಮೀಟರ್ ಮಡಚಿ. ಇಲ್ಲಿ ಗಂಟು ಹಾಕಬೇಡಿ, ಒದ್ದೆ ರಬ್ಬರಿನ ಗಂಟು ಜಾರುತ್ತದೆ. ಮಡಿಕೆಯ ಮೇಲೆ ನೈಲಾನ್ ದಾರವನ್ನು ಎಳೆದೆಳೆದು ಏಳೆಂಟು ಸುತ್ತು ಸುತ್ತಿ ದಾರಕ್ಕೆ ಗಂಟು ಹಾಕಿ. ಮುರಿದದ್ದು ಪಟ್ಟಿಯಲ್ಲ, ಬಕಲ್ಲೇ ಅಂದರೆ ಅದು ಕೂರುತ್ತಿದ್ದ ಗೂಟಕ್ಕೆ ಎರಡು ದಪ್ಪ ಕೇಬಲ್ ಟೈ ಹಾಕಿ ಅದಕ್ಕೇ ರಬ್ಬರ್ ಕಟ್ಟಬಹುದು. ಹಿಮ್ಮಡಿಗೆ ನೇರವಾಗಿ ಕೇಬಲ್ ಟೈ ಮಾತ್ರ ಸುತ್ತಬೇಡಿ. ಅದು ಹಿಗ್ಗುವುದಿಲ್ಲ, ಬೂಟಿಯನ್ನೂ ಚರ್ಮವನ್ನೂ ಕೊಯ್ಯುತ್ತದೆ. ಕಪ್ಪು ಅಂಟುಪಟ್ಟಿ ನೀರಿಗೆ ಬಿದ್ದ ಹತ್ತು ನಿಮಿಷಕ್ಕೆ ಬಿಡುತ್ತದೆ.

ಮಾಸ್ಕಿಗೂ ಅದೇ ರಬ್ಬರ್, ಅಗಲ 2 ಸೆಂಟಿಮೀಟರ್ ಸಾಕು. ಒಂದು ಎಚ್ಚರ: ಮಾಸ್ಕನ್ನು ಮುಖಕ್ಕೆ ಒತ್ತಿ ಹಿಡಿಯುವುದು ನೀರಿನ ಒತ್ತಡವೇ ಹೊರತು ಪಟ್ಟಿಯಲ್ಲ. ಟ್ಯೂಬು ಗಟ್ಟಿ ರಬ್ಬರ್ ಆದ್ದರಿಂದ ಜನ ಬಿಗಿಯಾಗಿ ಕಟ್ಟಿಬಿಡುತ್ತಾರೆ, ಸಿಲಿಕಾನ್ ಅಂಚು ಸೊಟ್ಟಗಾಗಿ ನೀರು ನುಗ್ಗುತ್ತದೆ. ತಲೆ ಬಗ್ಗಿಸಿದಾಗ ಜಾರದಷ್ಟು ಇದ್ದರೆ ಸಾಕು. ಅಂಚೇ ಹರಿದಿದ್ದರೆ ಫೆವಿಕ್ವಿಕ್ ಹಾಕಬೇಡಿ. ಅದು ಸಿಲಿಕಾನಿಗೆ ಹಿಡಿಯುವುದಿಲ್ಲ, ಆವಿ ಕಣ್ಣಿಗೆ ಹಿಡಿಯುತ್ತದೆ.

ಮೌತ್‌ಪೀಸಿಗೆ 3 ಮಿಲಿಮೀಟರ್ ಅಗಲದ ಸಾಧಾರಣ ಕೇಬಲ್ ಟೈ, ಎಲೆಕ್ಟ್ರಿಕಲ್ ಅಂಗಡಿಯದ್ದೇ ಆಗುತ್ತದೆ. ರಬ್ಬರಿನ ಕತ್ತಿನಲ್ಲಿ ಅದಕ್ಕೆಂದೇ ತೋಡು ಇರುತ್ತದೆ, ಅದರಲ್ಲೇ ಕೂರಿಸಿ. ಕತ್ತರಿಸಿದ ಮೊನೆ ತುಟಿಯ ಕಡೆ ಬಾರದಂತೆ ಕೆಳಕ್ಕೆ ತಿರುಗಿಸಿ. ಟೈ ಇಲ್ಲವಾದರೆ ನೈಲಾನ್ ದಾರ ನಾಲ್ಕು ಸುತ್ತು. ತಂತಿ ಬೇಡ, ರಬ್ಬರನ್ನು ಕೊಯ್ಯುತ್ತದೆ. ಕಟ್ಟಿದ ಮೇಲೆ ಮೌತ್‌ಪೀಸ್ ಹಿಡಿದು ಜೋರಾಗಿ ಎಳೆದು ನೋಡಿ. ಇದು ಕಟ್ಟುವ ಸಾಮಾನೇ ಆದರೂ ಬಾಯಲ್ಲಿ ರಬ್ಬರು ಮಾತ್ರ ಉಳಿದು ರೆಗ್ಯುಲೇಟರ್ ಕೆಳಗೆ ಜಾರಿದರೆ ಮುಂದಿನ ಉಸಿರಿಗೆ ಬರುವುದು ನೀರು.

ಪ್ರಶ್ನೆ: ಈಜುಕೊಳದ ಅಭ್ಯಾಸದಲ್ಲಿ ನನ್ನ ಸೆಕೆಂಡ್ ಸ್ಟೇಜ್ ತಾನಾಗಿ ಗಾಳಿ ಉಗುಳುತ್ತದೆ. ಪಕ್ಕದ ತಿರುಪು ಬಿಗಿ ಮಾಡಿದರೆ ನಿಲ್ಲುತ್ತದೆ. ಹಾಗೇ ಇಟ್ಟುಕೊಂಡು ಸಮುದ್ರಕ್ಕೆ ಇಳಿಯಬಹುದೇ?
– ಶ್ರೀರಂಗಪಟ್ಟಣ

ಉತ್ತರ: ಯಾವ ಉಗುಳು ಅನ್ನುವುದರ ಮೇಲೆ ಉತ್ತರ. ನೀರಿಗೆ ಹಾಕಿದ ಕ್ಷಣ ಮೌತ್‌ಪೀಸ್ ಮೇಲ್ಮುಖವಾಗಿದ್ದು ಭರ್ರೆಂದು ಶುರುವಾಗಿ, ಕೆಳಮುಖ ಮಾಡಿದರೆ ಅಥವಾ ಬಾಯಿಯನ್ನು ಹೆಬ್ಬೆರಳಿಂದ ಮುಚ್ಚಿದರೆ ನಿಲ್ಲುವುದು ರೋಗವಲ್ಲ, ಅದರ ಸ್ವಭಾವ. ವೇಗವಾಗಿ ಹರಿಯುವ ಗಾಳಿ ಒಳಗಿನ ಡಯಾಫ್ರಮನ್ನು (ರಬ್ಬರ್ ಪೊರೆಯನ್ನು) ತಾನೇ ಎಳೆದುಕೊಂಡು ಇನ್ನಷ್ಟು ಹರಿಯುತ್ತದೆ. ಇಳಿಯುವ ಮುಂಚೆ ವೆಂಚುರಿ ಸನ್ನೆಯನ್ನು (ಈ ಹರಿವನ್ನು ಹೆಚ್ಚುಕಡಿಮೆ ಮಾಡುವ ಹಿಡಿಯನ್ನು) ಕಡಿಮೆ ಕಡೆಗೆ ತಿರುಗಿಸಿಡಿ, ಬಾಯಿಗಿಟ್ಟ ಮೇಲೆ ಹೆಚ್ಚಿಗೆ ತನ್ನಿ.

ಇನ್ನೊಂದು ಬಗೆ ಸದ್ದಿಲ್ಲದ್ದು. ವಾಲ್ವ್ ತೆರೆದಾಗ ಎಲ್ಲ ಸರಿ. ಒಂದೆರಡು ನಿಮಿಷ ಕಳೆದ ಮೇಲೆ ಪುಸ್, ಇನ್ನೊಂದು ಪುಸ್, ಆಮೇಲೆ ನಿಲ್ಲದ ಪಿಸುಗು. ಇದು ಫಸ್ಟ್ ಸ್ಟೇಜಿನ ದೋಷ. ಅದರ ಕೆಲಸ ಸಿಲಿಂಡರಿನ 200 ಬಾರನ್ನು ಸುಮಾರು 9ರಿಂದ 10 ಬಾರಿಗೆ ಇಳಿಸಿ ಕೊಳವೆಗೆ ಬಿಟ್ಟು ಮುಚ್ಚಿಕೊಳ್ಳುವುದು. ಮುಚ್ಚುವ ಪ್ಲಾಸ್ಟಿಕ್ ಸೀಟಿನ ಮೇಲೆ ಲೋಹದ ಅಂಚು ಕಚ್ಚಿ ಕಚ್ಚಿ ಹಲ್ಲಿನ ಗುರುತಿನಂಥ ಉಂಗುರ ಬಿದ್ದಿರುತ್ತದೆ. ಆ ಗುರುತು ಆಳವಾದಾಗ ಪೂರ್ತಿ ಮುಚ್ಚುವುದಿಲ್ಲ, ಗಾಳಿ ಜಿನುಗುತ್ತಲೇ ಇರುತ್ತದೆ. ಬಿಸಿಡಿಯ (ಗಾಳಿ ತುಂಬಿಸಿ ತೇಲಿಸುವ ಜಾಕೆಟ್ಟಿನ) ಕೊಳವೆಗೆ ಸಿಕ್ಕಿಸುವ ಚಿಕ್ಕ ಗೇಜು ಹಾಕಿದರೆ ಕಣ್ಣಿಗೇ ಕಾಣುತ್ತದೆ. ಒಳ್ಳೆಯ ರೆಗ್ಯುಲೇಟರಿನಲ್ಲಿ ಮುಳ್ಳು 9.5ಕ್ಕೆ ಬಂದು ಗೂಟ ಹೊಡೆದಂತೆ ನಿಲ್ಲುತ್ತದೆ, ಉಸಿರೆಳೆದಾಗ ಸ್ವಲ್ಪ ಇಳಿದು ಅಲ್ಲಿಗೇ ಮರಳುತ್ತದೆ. ಕೆಟ್ಟದ್ದರಲ್ಲಿ 9.5, 10, 10.5 ಎಂದು ಹತ್ತುತ್ತಲೇ ಹೋಗುತ್ತದೆ. ಗೇಜಿಲ್ಲದವರು ವಾಲ್ವ್ ತೆರೆದು ಐದು ನಿಮಿಷ ಮುಟ್ಟದೆ ಇಟ್ಟು ಕಿವಿಗೊಡಿ. ಮೊದಲ ಕ್ಷಣದಿಂದಲೇ ಒಂದೇ ಸಮನೆ ಸೋರಿದರೆ ದೋಷ ಸೆಕೆಂಡ್ ಸ್ಟೇಜಿನದು. ತಡವಾಗಿ ಶುರುವಾದರೆ ಫಸ್ಟ್ ಸ್ಟೇಜಿನದು.

ನೀವು ತಿರುಪು ಬಿಗಿದಾಗ ಏನಾಯಿತು ಗೊತ್ತೇ? ಹತ್ತುತ್ತಿದ್ದ ಒತ್ತಡಕ್ಕೆ ಸೆಕೆಂಡ್ ಸ್ಟೇಜೇ ಹೊಗೆಕಿಂಡಿಯಾಗಿತ್ತು. ನೀವು ಅದರ ಸ್ಪ್ರಿಂಗನ್ನು ಗಟ್ಟಿ ಮಾಡಿ ಕಿಂಡಿ ಮುಚ್ಚಿದಿರಿ, ಒತ್ತಡ ಕೊಳವೆಯೊಳಗೇ ಬೆಳೆಯಿತು. ಸದ್ದು ಹೋಯಿತು, ರೋಗ ಉಳಿಯಿತು. ಈ ಸ್ಥಿತಿಯಲ್ಲಿ ಇಳಿಯಬೇಡಿ. ಸೀಟು ಬದಲಿಸಲು ತರಬೇತಿಯಾದವರು, ಆ ಮಾದರಿಯದೇ ಕಿಟ್, ಕೊನೆಗೆ ಗೇಜಿನಲ್ಲಿ ಪರೀಕ್ಷೆ ಮೂರೂ ಬೇಕು.

ನೀರೊಳಗೇ ಉಗುಳಲು ಶುರುವಾದರೆ ಮೌತ್‌ಪೀಸನ್ನು ತುಟಿಯಿಂದ ಬಿಗಿ ಹಿಡಿಯಬೇಡಿ, ಒಂದು ಬದಿ ಸಡಿಲ ಬಿಡಿ. ಹೆಚ್ಚಿನ ಗಾಳಿ ಆ ಕಡೆಯಿಂದ ಹೋಗಲಿ, ಬೇಕಾದಷ್ಟನ್ನು ಗುಟುಕು ಗುಟುಕಾಗಿ ತೆಗೆದುಕೊಳ್ಳಿ. ಜತೆಗಾರರಿಗೆ ಸನ್ನೆ ಮಾಡಿ ಆಗಲೇ ಮೇಲೇರಲು ತೊಡಗಿ. ಆಳದಲ್ಲಿ ಪೂರ್ತಿ ತೆರೆದ ರೆಗ್ಯುಲೇಟರ್ ತುಂಬಿದ ಸಿಲಿಂಡರನ್ನೂ ಕೆಲವೇ ನಿಮಿಷದಲ್ಲಿ ಬರಿದು ಮಾಡುತ್ತದೆ.

ಪ್ರಶ್ನೆ: ಪ್ರೆಶರ್ ಗೇಜ್ ಒಂದೇ ಕಡೆ ನಿಂತುಬಿಟ್ಟಿದೆ. ಗಡಿಯಾರ ನೋಡಿಕೊಂಡು ಲೆಕ್ಕದ ಮೇಲೆ ಡೈವ್ ಮಾಡಿದರೆ?
– ಸರಸ್ವತಿಪುರಂ, ಮೈಸೂರು

ಉತ್ತರ: ಲೆಕ್ಕವನ್ನೇ ಮಾಡಿ ನೋಡೋಣ. ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರಿನ ಒಳಗಾತ್ರ 11.1 ಲೀಟರ್. 200 ಬಾರಿನಿಂದ ಶುರು ಮಾಡಿ 50 ಬಾರ್ ಮೀಸಲಿಟ್ಟರೆ ಬಳಕೆಗೆ 1,665 ಲೀಟರ್. ನೆಮ್ಮದಿಯಾಗಿ ಉಸಿರಾಡುವವರು ದಡದಲ್ಲಿ ನಿಮಿಷಕ್ಕೆ 20 ಲೀಟರ್ ಎಳೆಯುತ್ತಾರೆಂದರೆ 10 ಮೀಟರಿನಲ್ಲಿ ಅದು 40 ಲೀಟರ್, ಸಿಕ್ಕಿದ್ದು 41 ನಿಮಿಷ. ಅದೇ ಮನುಷ್ಯ ಹರಿವಿಗೆ ಎದುರು ಒದ್ದು, ಸ್ವಲ್ಪ ಗಾಬರಿಯಾಗಿ 35 ಲೀಟರ್ ಎಳೆದರೆ 24 ನಿಮಿಷವೂ ಬರುವುದಿಲ್ಲ. ಕಾಗದದ ಮೇಲೆ ಇನ್ನೂ 17 ನಿಮಿಷ ಬಾಕಿ, ಸಿಲಿಂಡರಿನಲ್ಲಿ ಮೀಸಲು ಮಾತ್ರ. ಜತೆಗೆ ಎಲ್ಲೋ ಒಂದು ಸೋರಿಕೆ ಇದ್ದರಂತೂ ಗಡಿಯಾರಕ್ಕೆ ಅದು ಕಾಣುವುದೇ ಇಲ್ಲ. ಆದ್ದರಿಂದ ಆಗದು.

ಆದರೆ ಗೇಜು ಬದಲಿಸುವುದು ದಡದಲ್ಲೇ ಆಗುವ ಕೆಲಸ. ಹೈಪ್ರೆಶರ್ ಕೊಳವೆಯ ಮರೆ 7/16 ಇಂಚು, ಮಿಕ್ಕ ಕೊಳವೆಗಳದ್ದು 3/8. ಹಾಗಾಗಿ ಈಗಿನ ರೆಗ್ಯುಲೇಟರುಗಳಲ್ಲಿ ಅದಲುಬದಲಾಗುವ ಭಯವಿಲ್ಲ. ಬಹಳ ಹಳೆಯ ಫಸ್ಟ್ ಸ್ಟೇಜುಗಳಲ್ಲಿ ಎರಡಕ್ಕೂ 3/8 ಇರುತ್ತಿತ್ತು, ಅಟ್ಟದಿಂದ ಇಳಿದದ್ದಾದರೆ ಅಲ್ಲಿ ಕೊರೆದ ಎಚ್‌ಪಿ ಅಕ್ಷರ ಹುಡುಕಿ. ಗಾಳಿ ಖಾಲಿ ಮಾಡಿ, ಸ್ಪ್ಯಾನರಿನಿಂದ ಕೊಳವೆಯನ್ನು ಗೇಜಿನ ಸಮೇತ ಬಿಚ್ಚಿ. ಬದಲಿ ಕೊಳವೆಯ ಬುಡದಲ್ಲಿ 012 ಅಳತೆಯ ಉಂಗುರ ಇದೆಯೇ ನೋಡಿ. ಕೈಯಲ್ಲೇ ಕೊನೆತನಕ ತಿರುಗಿಸಿ, ಸ್ಪ್ಯಾನರಿನಿಂದ ಒಂದಿಷ್ಟು ಅದುಮಿ. ಬೇಕಾದ ಬಿಗಿ 4.5 ನ್ಯೂಟನ್-ಮೀಟರ್ ಮಾತ್ರ, ಅಂದರೆ ಮಣಿಕಟ್ಟಿನ ಬಲ. ತೋಳಿನ ಬಲ ಹಾಕಿದರೆ ಹಿತ್ತಾಳೆ ಮರೆ ಕಿತ್ತುಬರುತ್ತದೆ.

ಗೇಜು ತಿರುಗುವ ಕತ್ತಿನಲ್ಲಿ ಸಣ್ಣ ಗುಳ್ಳೆಸಾಲು ಬರುವುದೂ ಉಂಟು. ಕೊಳವೆಯಿಂದ ಗೇಜು ಬಿಚ್ಚಿದರೆ ಬೆಂಕಿಕಡ್ಡಿಯ ತುಂಡಿನಷ್ಟು ಒಂದು ಪೊಳ್ಳು ಕಡ್ಡಿ ಇರುತ್ತದೆ, ಅದರ ಎರಡು ತುದಿಗೆ ಎರಡು 003 ಉಂಗುರ. ಎರಡನ್ನೂ ಒಟ್ಟಿಗೆ ಬದಲಿಸಿ, ಸಿಲಿಕಾನ್ ಗ್ರೀಸ್ ಸವರಿದಷ್ಟೇ ಹಚ್ಚಿ. ಕೊಬ್ಬರಿಎಣ್ಣೆ, ಗಾಡಿ ಗ್ರೀಸು ಯಾವುದೂ ಅಲ್ಲ. ಈ ಸೋರಿಕೆ ಕಂಡಷ್ಟು ಭಯಂಕರವಲ್ಲ, ಏಕೆಂದರೆ ಫಸ್ಟ್ ಸ್ಟೇಜಿನಿಂದ ಹೈಪ್ರೆಶರ್ ಕೊಳವೆಗೆ ಗಾಳಿ ಬರುವ ತೂತು ಸೂಜಿಮೊನೆಯಷ್ಟು. ಈ ಕೊಳವೆ ಒಡೆದರೂ ಮೇಲೆ ಬರಲು ಹೊತ್ತಿರುತ್ತದೆ. ಬಾಯಿಗೆ ಅಥವಾ ಬಿಸಿಡಿಗೆ ಹೋಗುವ ಲೋಪ್ರೆಶರ್ ಕೊಳವೆ ಒಡೆದರೆ ಆ ಪುರುಸೊತ್ತಿಲ್ಲ. ಕೊಳವೆಗಳನ್ನು ವರ್ಷಕ್ಕೊಮ್ಮೆ ಬಗ್ಗಿಸಿ ನೋಡಬೇಕಾದ್ದು ಅದಕ್ಕೇ. ಬುಡಕ್ಕೆ ಹಾಕಿರುವ ರಬ್ಬರ್ ಕವಚ ಸರಿಸಿ ನೋಡಿ, ಬಿರುಕು, ತುಕ್ಕು ಎರಡೂ ಅದರಡಿಯಲ್ಲೇ ಅಡಗುತ್ತವೆ.

ಒಂದು ಪರೀಕ್ಷೆ, ಗೇಜು ಚೆನ್ನಾಗಿರುವವರಿಗೂ: ಇಳಿಯುವ ಮುಂಚೆ ಗೇಜು ನೋಡುತ್ತಾ ನಾಲ್ಕು ಸಲ ಆಳವಾಗಿ ಉಸಿರೆಳೆಯಿರಿ. ಪ್ರತಿ ಉಸಿರಿಗೂ ಮುಳ್ಳು ಬಗ್ಗಿ ಏಳುತ್ತಿದ್ದರೆ ವಾಲ್ವ್ ಅರೆಬರೆ ತೆರೆದಿದೆ.

ಪ್ರಶ್ನೆ: ನಮ್ಮ ತೋಟದ ತೆರೆದ ಬಾವಿಯಲ್ಲಿ ನೀರು 40 ಅಡಿ ಇದೆ. ತಳದಲ್ಲಿ ಫುಟ್‌ವಾಲ್ವ್ ಕಸ ಕಟ್ಟಿ ಮೋಟ್ರು ನೀರು ಹಿಡಿಯುತ್ತಿಲ್ಲ. ತಂಗಿ ಮಗ ಗೋವಾದಲ್ಲಿ ಡೈವಿಂಗ್ ಕಲಿತಿದ್ದಾನೆ, ಹಳೆಯ ಸಿಲಿಂಡರೂ ಇದೆ. ಗಾಡಿ ತೊಳೆಯುವ ಅಂಗಡಿಯ ಕಂಪ್ರೆಸರ್‌ನಿಂದ ಗಾಳಿ ತುಂಬಿಸಿ ಇಳಿಸಬಹುದಾ ಸ್ವಾಮಿ?
– ಮದ್ದೂರು ತಾಲ್ಲೂಕು

ಉತ್ತರ: ದಯವಿಟ್ಟು ಇಳಿಸಬೇಡಿ. ಕಾರಣ ಒಂದಲ್ಲ.

ಆ ಕಂಪ್ರೆಸರ್ ಕೊಡುವುದು 8ರಿಂದ 10 ಬಾರ್. 11 ಲೀಟರ್ ಸಿಲಿಂಡರಿಗೆ 10 ಬಾರ್ ತುಂಬಿದರೆ 110 ಲೀಟರ್ ಗಾಳಿ. 40 ಅಡಿ ಆಳದಲ್ಲಿ ನಿಮಿಷಕ್ಕೆ 44 ಲೀಟರ್ ಬೇಕು. ಲೆಕ್ಕಕ್ಕೇ ಎರಡೂವರೆ ನಿಮಿಷ, ಅದೂ ಸಿಗುವುದಿಲ್ಲ. ರೆಗ್ಯುಲೇಟರಿನ ಕೊಳವೆಗೇ 9–10 ಬಾರ್ ಬೇಕಾಗಿರುವಾಗ ಸಿಲಿಂಡರಿನಲ್ಲೇ ಅಷ್ಟಿದ್ದರೆ ತಳ ಮುಟ್ಟುವ ಮುಂಚೆಯೇ ಉಸಿರು ಬಿಗಿಯುತ್ತದೆ.

ಸಿಲಿಂಡರ್ ಬಿಟ್ಟು ಪೈಪಿನಲ್ಲೇ ನೇರ ಗಾಳಿ ಬಿಡೋಣ ಎನ್ನುವವರೂ ಇದ್ದಾರೆ. ಅದು ಇನ್ನೂ ಕೆಟ್ಟದ್ದು. ಆ ಯಂತ್ರದ ಎಣ್ಣೆ ಕಾದು ಆವಿಯಾಗಿ ಗಾಳಿಯ ಜತೆ ಬರುತ್ತದೆ. ಅತಿಯಾಗಿ ಕಾದರೆ ಕಾರ್ಬನ್ ಮಾನಾಕ್ಸೈಡ್ ಕೂಡ ಹುಟ್ಟುತ್ತದೆ. ಪಕ್ಕದಲ್ಲಿ ಡೀಸೆಲ್ ಎಂಜಿನ್ ಓಡುತ್ತಿದ್ದರೆ ಅದರ ಹೊಗೆಯನ್ನೇ ಹೀರಿ ಕೊಡುತ್ತದೆ. ಉಸಿರಾಟದ ಗಾಳಿಯಲ್ಲಿ ಈ ಅನಿಲ ಹತ್ತು ಲಕ್ಷಕ್ಕೆ 5 ಪಾಲು ಮೀರಬಾರದೆಂಬುದು ಯುರೋಪಿನ 12021 ಮಾನದಂಡ. ಇದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. 40 ಅಡಿಯಲ್ಲಿ ಒತ್ತಡ ದಡದ ಎರಡರಷ್ಟಕ್ಕಿಂತ ಹೆಚ್ಚು, ವಿಷದ ಏಟೂ ಅಷ್ಟೇ ಹೆಚ್ಚು. ಮೇಲೆ ತಲೆನೋವು ಬರಿಸುವಷ್ಟು ಪ್ರಮಾಣ ಕೆಳಗೆ ಪ್ರಜ್ಞೆ ತಪ್ಪಿಸುತ್ತದೆ. ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ತುಂಬಿಸುವ ಯೋಚನೆಯಿದ್ದರೆ ಅದನ್ನೂ ಬಿಡಿ. ಶುದ್ಧ ಆಕ್ಸಿಜನ್ 6 ಮೀಟರಿನಿಂದ ಕೆಳಗೆ ಫಿಟ್ಸ್ ತರಿಸಬಲ್ಲದು.

ಸಿಲಿಂಡರ್ ಹಳೆಯದು ಎಂದಿದ್ದೀರಿ. ಅದರ ಭುಜದ ಮೇಲೆ ಕೊನೆಯ ಒತ್ತಡ ಪರೀಕ್ಷೆಯ ತಿಂಗಳು, ವರ್ಷ ಕೊರೆದಿರುತ್ತದೆ. ಐದು ವರ್ಷ ದಾಟಿದ್ದರೆ ಯಾರೂ ತುಂಬಿಸಬಾರದು.

ಇನ್ನು ಮೋಟ್ರು. ನಿಮ್ಮಲ್ಲಿ ಆಟೋ ಸ್ಟಾರ್ಟರ್ ಅಥವಾ ಮೊಬೈಲಿನಿಂದ ಓಡಿಸುವ ಸ್ಟಾರ್ಟರ್ ಇದ್ದರೆ ತ್ರೀ ಫೇಸ್ ಕರೆಂಟು ಬಂದ ಕ್ಷಣ ತಾನೇ ಓಡುತ್ತದೆ. ಬಾವಿಯೊಳಗೆ ಯಾರೇ ಇಳಿಯಲಿ, ಯಾವ ಕೆಲಸಕ್ಕೇ ಇಳಿಯಲಿ, ಸ್ವಿಚ್ ಆಫ್ ಸಾಲದು. ಮೂರೂ ಫ್ಯೂಸ್ ಕಿತ್ತು ಇಳಿಯುವವರ ಮನೆಯವರ ಜೇಬಿಗೆ ಹಾಕಿ.

ಫುಟ್‌ವಾಲ್ವಿಗೆ ಮುಳುಗುವ ಅಗತ್ಯವೇ ಇಲ್ಲ. ಪ್ರೈಮಿಂಗ್ ಮಾಡಿದ, ಅಂದರೆ ಪೈಪಿಗೆ ಮೇಲಿಂದ ತುಂಬಿಸಿದ, ನೀರು ಇಳಿದುಹೋಗುತ್ತಿದ್ದರೆ ವಾಲ್ವಿನ ನಾಲಿಗೆ ಕಸ ಕಚ್ಚಿಕೊಂಡು ತೆರೆದಿದೆ. ಎರಡು ಮೂರು ಬಿಂದಿಗೆ ನೀರನ್ನು ಒಮ್ಮೆಲೇ ರಭಸದಿಂದ ಸುರಿದರೆ ಕಸ ಕಳಚುವುದುಂಟು, ನಾಲ್ಕೈದು ಸಲ ಮಾಡಿ ನೋಡಿ. ನೀರು ನಿಲ್ಲುತ್ತದೆ, ಆದರೂ ಎತ್ತುವುದಿಲ್ಲ ಅಂದರೆ ಜರಡಿ ಮುಚ್ಚಿದೆ. ಆಗ ಮುಕ್ಕಾಲಿ ಕಟ್ಟಿ ಚೈನ್‌ಪುಲ್ಲಿಯಲ್ಲಿ ಪೈಪನ್ನೇ ಎತ್ತಿಸಿ. ಒಂದು ದಿನದ ಕೆಲಸ, ಆದರೆ ಚರ್ಮದ ವಾಷರೂ ಬದಲಾಗುತ್ತದೆ.

ಇದನ್ನು ಓದುವ ನಾಲೆ ಬದಿಯ ಊರಿನವರಿಗೆ ಒಂದು ಮಾತು. ತೂಬಿನ ಬಾಗಿಲಿಗೆ ಕಸ ಸಿಕ್ಕಿದೆಯೆಂದು ನೀರಿಗಿಳಿಯುವುದು ಬಾವಿಗಿಂತ ಅಪಾಯ. ಎರಡು ಬದಿಯ ನೀರಿನ ಮಟ್ಟದಲ್ಲಿ 3 ಮೀಟರ್ ವ್ಯತ್ಯಾಸವಿದ್ದರೆ ಒಂದಡಿ ಚದರದ ಕಿಂಡಿ ಸುಮಾರು 280 ಕಿಲೋ ಭಾರದಲ್ಲಿ ಎಳೆದುಕೊಳ್ಳುತ್ತದೆ. ಕೈಯೋ ಕಾಲೋ ಸಿಕ್ಕಿದರೆ ಮೇಲಿಂದ ಹತ್ತು ಜನ ಹಗ್ಗ ಎಳೆದರೂ ದೇಹ ಹರಿದೀತೇ ಹೊರತು ಬಿಡುವುದಿಲ್ಲ. ಬಿಡಿಸುವ ದಾರಿ ಒಂದೇ, ಎರಡು ಕಡೆಯ ನೀರು ಸಮ ಮಾಡುವುದು. ನೀರಾವರಿಯವರಿಗೆ ಹೇಳಿ ನೀರು ನಿಲ್ಲಿಸಿಯೇ ಕೈ ಹಾಕಿ. ಯಾರಾದರೂ ಸಿಕ್ಕಿಕೊಂಡಿದ್ದರೆ 112ಕ್ಕೆ ಫೋನ್ ಮಾಡಿ.

ಪ್ರಶ್ನೆ: ನೇತ್ರಾಣಿಯಲ್ಲಿ ಮೊದಲ ಡೈವ್ ಮುಗಿಯುವಾಗ ಡೈವ್ ಕಂಪ್ಯೂಟರಿನ (ಆಳ, ಸಮಯ ನೋಡಿ ಇನ್ನೆಷ್ಟು ಹೊತ್ತು ಕೆಳಗಿರಬಹುದೆಂದು ಹೇಳುವ, ಕೈಗೆ ಕಟ್ಟುವ ಯಂತ್ರದ) ಬ್ಯಾಟರಿ ಸತ್ತಿತು. ಎರಡನೆಯ ಡೈವಿಗೆ ಅಂದು ಇಳಿಯದ ಗೆಳೆಯನ ಕಂಪ್ಯೂಟರ್ ಕಟ್ಟಿಕೊಂಡರೆ ಸರಿಯೇ? ಅಂದೇ ಸಂಜೆ ಕಾರಿನಲ್ಲಿ ಮೈಸೂರಿಗೆ ಹೊರಡುವುದಿತ್ತು.
– ಜಯಲಕ್ಷ್ಮೀಪುರಂ, ಮೈಸೂರು

ಉತ್ತರ: ಸರಿಯಲ್ಲ. ಕಂಪ್ಯೂಟರಿಗೆ ಗೊತ್ತಿರುವುದು ಅದು ಇದ್ದ ಮಣಿಕಟ್ಟಿನ ಕತೆ ಮಾತ್ರ. ಗೆಳೆಯರದ್ದು ದಡದಲ್ಲಿ ಕೂತಿತ್ತು, ನಿಮ್ಮ ಮೈಯಲ್ಲಿ ಮೊದಲ ಡೈವಿನ ನೈಟ್ರೋಜನ್ (ಆಳದಲ್ಲಿ ಮೈಗೆ ಕರಗಿ, ಹೊರಗಿನ ಒತ್ತಡ ಬೇಗ ಇಳಿದರೆ ಗುಳ್ಳೆಯಾಗುವ ಅನಿಲ) ಉಳಿದಿರುವುದು ಅದಕ್ಕೆ ತಿಳಿಯದು. ಇಲ್ಲದ ಸಮಯವನ್ನು ಉದಾರವಾಗಿ ತೋರಿಸುತ್ತದೆ. ನಿಮ್ಮದಕ್ಕೇ ಹೊಸ ಬ್ಯಾಟರಿ ಹಾಕಿದರೂ ಹಲವು ಮಾದರಿಗಳಲ್ಲಿ ಹಳೆಯ ಲೆಕ್ಕ ಅಳಿಸಿಹೋಗುತ್ತದೆ. ಮೊದಲ ಡೈವಿನ ಆಳ, ಸಮಯ ಖಚಿತವಾಗಿ ಬರೆದಿಟ್ಟು ಟೇಬಲ್ (ಯಾವ ಆಳದಲ್ಲಿ ಎಷ್ಟು ಹೊತ್ತು ಎಂಬ ಅಚ್ಚಾದ ಪಟ್ಟಿ) ಬಳಸಬಲ್ಲವರಾದರೆ, ಆಳದ ಗೇಜು ಮತ್ತು ಗಡಿಯಾರ ಇದ್ದರೆ ಅದರಂತೆ ಮಾಡಬಹುದು. ಅಂದಾಜು ನೆನಪಿದ್ದರೆ 24 ಗಂಟೆ ಬಿಟ್ಟು ಹೊಸದಾಗಿ ಶುರು ಮಾಡಿ. ನೀರೊಳಗೆ ಸತ್ತಾಗ ಮಾಡಬೇಕಾದ್ದು ಇಷ್ಟು: ನಿಮಿಷಕ್ಕೆ 9 ಮೀಟರಿಗಿಂತ ನಿಧಾನವಾಗಿ ಏರಿ, 5 ಮೀಟರಿನಲ್ಲಿ 3ರಿಂದ 5 ನಿಮಿಷ ನಿಂತು ಹೊರಗೆ ಬನ್ನಿ.

ನಮಗೆ ಬ್ಯಾಟರಿಗಿಂತ ದೊಡ್ಡದಾಗಿ ಕಂಡದ್ದು ಆ ಕಾರು. ವಿಮಾನಕ್ಕೆ ಒಂದು ಡೈವಿನ ನಂತರ 12 ಗಂಟೆ, ಹಲವು ಡೈವ್ ಆದ ಮೇಲೆ 18 ಗಂಟೆ ಕಾಯಬೇಕೆಂಬುದು ಎಲ್ಲರಿಗೂ ಬಾಯಿಪಾಠ. ಘಟ್ಟ ಹತ್ತುವುದೂ ಅದೇ ಲೆಕ್ಕವೆಂದು ನೆನಪಾಗುವುದಿಲ್ಲ. ಆ ಸೂಚನೆ ಅನ್ವಯವಾಗುವುದು 2,000 ಅಡಿ, ಅಂದರೆ ಸುಮಾರು 600 ಮೀಟರ್ ಎತ್ತರದಿಂದಲೇ. ಸಕಲೇಶಪುರ, ಹಾಸನ 900 ಮೀಟರಿಗಿಂತ ಮೇಲಿವೆ, ಮೈಸೂರು ಸುಮಾರು 770. ಎರಡು ಡೈವ್ ಮಾಡಿದ ಸಂಜೆಯೇ ಶಿರಾಡಿ ಹತ್ತಬೇಡಿ. ರಾತ್ರಿ ಕರಾವಳಿಯಲ್ಲೇ ಉಳಿದು ಮಾರನೆಯ ದಿನ ಹೊತ್ತೇರಿದ ಮೇಲೆ ಹೊರಡಿ.

ಪ್ರಶ್ನೆ: ಕನ್ನಂಬಾಡಿ ಹಿನ್ನೀರಿನಲ್ಲಿ ಡೈವ್ ಮಾಡುವುದಾದರೆ ತೂಕದ ಪಟ್ಟಿ ಸಮುದ್ರದಷ್ಟೇ ಇರಲೇ? ಸೀಸ ಕಮ್ಮಿ ಬಿದ್ದರೆ ಕಲ್ಲು ಕಟ್ಟಿಕೊಳ್ಳಬಹುದೇ?
– ಇಲವಾಲ

ಉತ್ತರ: ಮೊದಲಿಗೆ, ಕೆಆರ್‌ಎಸ್ ಕಾವೇರಿ ನೀರಾವರಿ ನಿಗಮದ ಸುಪರ್ದಿನಲ್ಲಿದೆ, ಅನುಮತಿಯಿಲ್ಲದೆ ಇಳಿಯುವಂತಿಲ್ಲ. ಸಿಹಿನೀರು ಕಡಲಿಗಿಂತ ಸುಮಾರು ನೂರಕ್ಕೆ 2.5 ಪಾಲು ಹಗುರ. ಸಾಮಾನು ಸೇರಿ ನೀವು 100 ಕಿಲೋ ಇದ್ದರೆ ಸಮುದ್ರಕ್ಕಿಂತ 2.5 ಕಿಲೋ ಸೀಸ ಕಡಿಮೆ ಹಾಕಿ. ಆದ್ದರಿಂದ ಕಮ್ಮಿ ಬೀಳುವುದಕ್ಕಿಂತ ಹೆಚ್ಚಾಗುವುದೇ ಸಾಮಾನ್ಯ ತಪ್ಪು. ಕಲ್ಲನ್ನು ಬಿಸಿಡಿ ಜೇಬಿಗೆ ತುಂಬಬೇಡಿ, ಅಪಾಯದಲ್ಲಿ ಒಂದೇ ಎಳೆತಕ್ಕೆ ಕಳಚಿ ಬೀಳದ ತೂಕ ತೂಕವಲ್ಲ. ಟೇಬಲ್ ಬಳಸುವವರು ನೆನಪಿಡಿ: 300 ಮೀಟರಿಗಿಂತ ಮೇಲಿನ ನೀರಿಗೆ ಎತ್ತರದ ತಿದ್ದುಪಡಿ ಬೇಕು, ಕನ್ನಂಬಾಡಿ ಅದಕ್ಕಿಂತ ಎಷ್ಟೋ ಮೇಲಿದೆ.

ಪ್ರಶ್ನೆ: ಬಿಸಿಡಿಯ ಇನ್‌ಫ್ಲೇಟರ್ ಗುಂಡಿ ಸಿಕ್ಕಿಕೊಂಡು ತಾನಾಗಿ ಉಬ್ಬುತ್ತದೆ.
– ಪಾಂಡವಪುರ

ಉತ್ತರ: ಉಬ್ಬಲು ಶುರುವಾದ ಕ್ಷಣ ಒಂದು ಕೈಯಲ್ಲಿ ಗಾಳಿ ಬಿಡುತ್ತಾ ಇನ್ನೊಂದು ಕೈಯಲ್ಲಿ ಇನ್‌ಫ್ಲೇಟರಿನ ಕೊಳವೆಯ ಕಾಲರ್ ಹಿಂದಕ್ಕೆಳೆದು ಕಳಚಿ. ಇದನ್ನು ದಡದಲ್ಲಿ, ಕಣ್ಣು ಮುಚ್ಚಿ, ಗ್ಲೌಸ್ ಹಾಕಿ ಹತ್ತು ಸಲ ಮಾಡಿರಬೇಕು. ಸಿಕ್ಕಿಕೊಳ್ಳಲು ಕಾರಣ ಮುಕ್ಕಾಲು ಪಾಲು ಒಣಗಿದ ಉಪ್ಪು. ಗುಂಡಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಒತ್ತಿ ಒತ್ತಿ ಬಿಡಿ. ಸಡಿಲವಾದರೂ ಬಿಸಿಡಿಯನ್ನು ಗಟ್ಟಿಯಾಗಿ ಉಬ್ಬಿಸಿ, ಕೊಳವೆ ಸಿಕ್ಕಿಸಿಯೇ 15 ನಿಮಿಷ ಬಿಟ್ಟು ನೋಡಿ. ಒಳಗಿನ ಪಿನ್ನು ಗಾಡಿ ಟೈರಿನ ಪಿನ್ನಿನಂತೆಯೇ ಕಾಣುತ್ತದೆ, ಪಂಕ್ಚರ್ ಅಂಗಡಿಯವರು ತಂದು ಹಾಕಿಬಿಡುತ್ತಾರೆ ಕೂಡ. ಬೇಡ, ಆ ಬಿಡಿಭಾಗ ತಯಾರಕರದ್ದೇ ಆಗಿರಲಿ.